ಕೆಳಗಿನ ಮನೆಯ ಪ್ರಭುಗಳ ವಂಶಾವಳಿ

ನಮ್ಮ ಕೆಳಗಿನ ಮನೆಯಲ್ಲಿ ಒಬ್ಬ ಪ್ರಭುಗಳಿದ್ದಾರೆ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಹ್ಯಾಂಬರ್ಗಿನಲ್ಲೂ ಯಾರೂ ನಂಬುವುದಿಲ್ಲ. ಆದರೆ ಆಸಾಮಿ ಸ್ಕಾಟ್ಲೆಂಡಿನ ಅಸಲಿ ಜಹಗೀರುದಾರ. ಊರಲ್ಲಿ ಕೋಟೆಯಿದೆ, ಕೋಟೆಗೆ ಸೂರಿಲ್ಲ. ಜರ್ಮನ್ ಹುಡುಗಿಯನ್ನು ಮದುವೆಯಾಗಿ ಬಂದವರು, ಆಕೆ ತೀರಿಕೊಂಡ ಮೇಲೂ ಮಗಳೊಂದಿಗೆ ಇಲ್ಲೇ ಉಳಿದರು. ಸರದಿ ಬಂದಾಗ ಚೌಕಳಿ ಕಿಲ್ಟ್ ಉಟ್ಟು ಮೆಟ್ಟಿಲು ಗುಡಿಸುತ್ತಾರೆ. ಬಾಟಲಿಯನ್ನು ತಪ್ಪು ಡಬ್ಬಿಗೆ ಹಾಕಿ, ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರನಿಂದ ಬೈಸಿಕೊಳ್ಳುತ್ತಾರೆ. ಇಂಗ್ಲಿಷರಿಗೆ ಬಗ್ಗದ ವಂಶ ಕಸದ ಡಬ್ಬಿಗೆ ಬಗ್ಗಿತು, ಏನು ಮಾಡೋಣ!

ಅವರ ಕೈಗೆ ಸಿಕ್ಕಿಬಿದ್ದರಂತೂ ಮುಗಿಯಿತು. "ಹೇಮಿಷನ ಮಗ ಡಂಕನ್, ಡಂಕನನ ಮಗ ಆಂಗಸ್..." ಎಂದು ವಂಶಾವಳಿ ಶುರು! ಅದಕ್ಕೆ ಹೆದರಿ ಮೇಲಿನವರು ಲಿಫ್ಟಿಗೆ ಹೋಗುವ ಮುನ್ನ ಇಣುಕಿ ನೋಡುತ್ತಾರೆ. ಮಗಳಂತೂ ಮೊದಲ ಹೆಸರಿಗೇ "ಸಾಕು ಪಾಪಾ!" ಎಂದು ಜರ್ಮನ್ನಿನಲ್ಲಿ ಗದರುತ್ತಾಳೆ. ಪದವಿ ಗಂಡುಮಕ್ಕಳಿಗೆ ಮಾತ್ರವಂತೆ. ಹಾಗಾಗಿ ಅದು ಹೋಗುವುದು ಕೆನಡಾದಲ್ಲಿ ಫ್ರಿಜ್ ಮಾರುವ ಯಾವನೋ ದಾಯಾದಿಗೆ. "ಪದವಿ ಹಾಳಾಗಿಹೋಗಲಿ. ನಾನು ಸತ್ತ ಮೇಲೆ ಈ ಹೆಸರುಗಳನ್ನು ಯಾರು ಹೇಳುತ್ತಾರೆ?" ಎಂದು ಒಮ್ಮೆ ನನ್ನನ್ನು ಕೇಳಿದ್ದರು.

ಧಾರವಾಡದಿಂದ ನಮ್ಮತ್ತೆ ಬಂದರು. "ಅಯ್ಯ ಶಿವನ! ಗಂಡಸರು ಲಂಗಾ ಉಟ್ಟಾರಲ್ಲ!" ಎಂದು ಹೌಹಾರಿದವರು, ಮರುಗಳಿಗೆಯೇ, "ಮನೆತನ ಯಾವುದಂತ ಕೇಳವಾ" ಎಂದರು. ಕೇಳಿದೆ. ಪ್ರಭುಗಳು ಶುರುಮಾಡಿದರು. ಇಡೀ ಹ್ಯಾಂಬರ್ಗಿನಲ್ಲಿ ಕೊನೆಯವರೆಗೆ ಕೇಳಿದವರು ನಮ್ಮತ್ತೆ ಒಬ್ಬರೇ!

"ನೋಡ, ಹಿರೇರ ಮ್ಯಾಲೆ ಎಷ್ಟ ಭಕ್ತಿ! ನಿನ್ನ ಗಂಡಗ ಮುತ್ತಜ್ಜನ ಹೆಸರ ಬರಂಗಿಲ್ಲ."

ಮಹಾಲಯ ಅಮಾವಾಸ್ಯೆಗೆ ಅತ್ತೆ ಅಪ್ಪ–ಮಗಳಿಬ್ಬರನ್ನೂ ಊಟಕ್ಕೆ ಕರೆಸಿದರು. ಹೋಳಿಗೆ ಮಾಡಿ, ಹಿರಿಯರ ಫೋಟೊ ಮುಂದೆ ಎಡೆ ಇಡುವಾಗ, "ಅವರ ಹಿರೇರ ಹೆಸರೂ ಹೇಳಸವಾ, ಅವರೂ ಉಣ್ಣಲಿ" ಎಂದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಪ್ರಭುಗಳು ಎದ್ದು ನಿಂತು, ಕಿಲ್ಟ್ ಸರಿಮಾಡಿಕೊಂಡು ಶುರುಮಾಡಿದರು. ಅರ್ಧಕ್ಕೆ, ಇನ್ನೊಬ್ಬ ಆಂಗಸನ ಹತ್ತಿರ ಬಂದಾಗ ನಾಲಗೆ ನಿಂತಿತು.

"ಆಂಗಸನ ಮಗ... ಆಂಗಸನ ಮಗ..."

ಮುದುಕರ ಮುಖ ಬಿಳಿಚಿಕೊಂಡಿತು. ನನಗೂ ಗಾಬರಿಯಾಯಿತು.

ಮೂಲೆಯಲ್ಲಿ ಮೊಬೈಲ್ ನೋಡುತ್ತ ಕೂತಿದ್ದ ಮಗಳು ತಲೆ ಎತ್ತದೆ "ರಾಬರ್ಟ್" ಎಂದಳು. ಆಮೇಲೆ ಮೊಬೈಲ್ ಪಕ್ಕಕ್ಕಿಟ್ಟಳು. ಯಾರ ಮಗ ಯಾರು ಎಂದು ಎಲ್ಲೂ ತಡವರಿಸದೆ ಹೇಳುತ್ತ ಹೋದಳು. ಕೊನೆಗೆ ಅಪ್ಪನ ಹೆಸರು ಬಂತು. ಅಲ್ಲಿಗೆ ಮುಗಿಯಬೇಕಿತ್ತು.

"ಇವರ ಮಗಳು, ನಾನು" ಎಂದಳು.

ಪ್ರಭುಗಳು ಅವಳ ಕೈ ಹಿಡಿದುಕೊಂಡು ಮಗುವಿನ ಹಾಗೆ ಅತ್ತುಬಿಟ್ಟರು.