ಗೋಡೆ ಹಾರಿದ ಹಾಲುಗಂಬ

"ಹಾಲುಗಂಬ ನಾನೇ ತರ್ತೀನಿ! ನಿನ್ನ ತಮ್ಮನ್ನ ನಂಬ್ಕೊಂಡ್ರೆ ಮಗಳ ಮದುವೆ ಮೊಮ್ಮಗನ ನಾಮಕರಣದ ಜೊತೆಗೇ ಆಗೋದು!"

ಮಾದನಾಯಕನಹಳ್ಳಿಯ ವೆಂಕಟೇಶಪ್ಪನವರು ಗರಗಸ ಎತ್ತಿ ಹೀಗೆ ಗರ್ಜಿಸಿದಾಗ ಬೆಳಗಿನ ಎಂಟು ಗಂಟೆ. ಮದುವೆಗೆ ಇನ್ನು ಎಂಟೇ ದಿನ. ಇವತ್ತು ಹನ್ನೊಂದು ಗಂಟೆಗೆ ಚಪ್ಪರ ಶಾಸ್ತ್ರ. ಅಷ್ಟರೊಳಗೆ ಹಸಿ ಅತ್ತಿಕೊಂಬೆಯೊಂದು ಬಾಗಿಲ ಮುಂದೆ ಹಾಲುಗಂಬವಾಗಿ ನಿಲ್ಲಬೇಕು. ಹೊತ್ತು ಮೀರಿದರೆ ಅಪಶಕುನ ಎಂದು ತಾಯಿ ಚಿಕ್ಕಮುನಿಯಮ್ಮ ಮೂರು ದಿನದಿಂದ ಹೆದರಿಸುತ್ತಿದ್ದರು. ಆ ಕೊಂಬೆ ತರುವುದು ಸೋದರಮಾವನ ಹಕ್ಕು. ಆದರೆ ಆ ಸೋದರಮಾವ, ಅಂದರೆ ಹೆಂಡತಿ ಶ್ಯಾಮಲಾಳ ತಮ್ಮ ದೇವರಾಜ್, ಬೊಮ್ಮನಹಳ್ಳಿಯಿಂದ ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದವನಲ್ಲ.

"ಆಗಲೇ ಹೊರಟಿದಾನಂತೆ ಕಣ್ರೀ."

"ಹೊರಟಿದಾನೆ ಅಂದ್ರೆ ಇನ್ನೂ ಹಲ್ಲುಜ್ತಿದಾನೆ ಅಂತ ಅರ್ಥ!"

ಊರಲ್ಲಿ ಉಳಿದಿರುವ ಅತ್ತಿಮರ ಒಂದೇ. ಅದೂ ವೆಂಕಟೇಶಪ್ಪನವರೇ ಗೋದಾಮಿಗೆ ಬಾಡಿಗೆ ಕೊಟ್ಟ ಜಮೀನಿನ ಮೂಲೆಯಲ್ಲಿ, ಕಾಂಪೌಂಡಿನ ಒಳಗೆ. ನನ್ನ ಜಮೀನು, ನನ್ನ ಮರ, ಅರ್ಧ ಗಂಟೆಯ ಕೆಲಸ ಎಂದುಕೊಂಡು ಮೀಸೆ ತಿರುವುತ್ತಾ ಹೋದರು.

"ವಿಸಿಟರ್ ಲಿಸ್ಟ್‌ನಲ್ಲಿ ನಿಮ್ಮ ಹೆಸರಿಲ್ಲ ಸಾರ್," ಎಂದ ಗೇಟಿನ ಸೆಕ್ಯುರಿಟಿ.

"ಈ ಜಾಗ ನಂದೇ ಕಣಯ್ಯ! ನೀನು ನಿಂತಿರೋ ಕಡೆ ನಮ್ಮಪ್ಪ ರಾಗಿ ಬೆಳೀತಿದ್ರು!"

"ಇರಬಹುದು ಸಾರ್. ಈಗ ಯಾರನ್ನ ನೋಡ್ಬೇಕು?"

"ಮರಾನ!"

ಫೋನ್ ಮೇಲೆ ಫೋನ್ ಹೋಯಿತು. ಫೋಟೊ ತೆಗೆದರು. ತಲೆಗೆ ಹಳದಿ ಹೆಲ್ಮೆಟ್, ಗರಗಸಕ್ಕೊಂದು ಟೋಕನ್! ಬೆಂಕಿ ಬಿದ್ದರೆ ಎಲ್ಲಿ ನಿಲ್ಲಬೇಕೆಂಬ ವಿಡಿಯೋ ಬೇರೆ, ಅದು ಮುಗಿದ ಮೇಲೆ ಹತ್ತು ಪ್ರಶ್ನೆಗಳ ಪರೀಕ್ಷೆ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ವೆಂಕಟೇಶಪ್ಪನವರು ಇಲ್ಲಿ ಮೊದಲ ಸಲಕ್ಕೇ ಪಾಸಾದರು. ಆ ಖುಷಿಯಲ್ಲೇ ಮರ ಹತ್ತಿ, ಕೊಂಬೆ ಕೊಯ್ದು, ಹೆಗಲ ಮೇಲೆ ಹೊತ್ತು ಗೇಟಿಗೆ ಬಂದಾಗ ಹತ್ತು ಗಂಟೆ.

"ಮಾಲು ಹೊರಗೆ ಹೋಗೋಕೆ ಗೇಟ್ ಪಾಸ್ ಬೇಕು ಸಾರ್. ಮ್ಯಾನೇಜರ್ ಮೀಟಿಂಗ್‌ನಲ್ಲಿದಾರೆ, ಹನ್ನೆರಡಕ್ಕೆ ಸಿಗ್ತಾರೆ."

"ಮಾಲಲ್ಲ ಗುರು, ಹಾಲುಗಂಬ!"

"ಬಾರ್‌ಕೋಡ್ ಇದೆಯಾ?"

ವೆಂಕಟೇಶಪ್ಪನವರ ತಲೆ ಹೆಲ್ಮೆಟ್ಟಿನೊಳಗೇ ಕಾಯಿತು. ಆದರೆ ಅವರೇನು ಕಡಿಮೆಯೇ? ಹಿಂದಿನ ಗೋಡೆಯ ಬಳಿ ಹೋಗಿ, ಉಸಿರು ಬಿಗಿಹಿಡಿದು, ಕೊಂಬೆಯನ್ನು ಎತ್ತಿ ಆಚೆಗೆಸೆದರು. ಹೊರಗೆ ಹೋಗಿ ಎತ್ತಿಕೊಂಡರಾಯಿತು! ಆದರೆ ಹೊರಗೆ ಹೋಗುವುದು ಒಳಗೆ ಬಂದದ್ದಕ್ಕಿಂತ ಕಷ್ಟ. ಶಿಫ್ಟ್ ಬಿಟ್ಟ ಸಾಲಿನ ಹಿಂದೆ ನಿಂತು, ಜೇಬು ತಡವಿಸಿಕೊಂಡು, ಹೆಲ್ಮೆಟ್ ಒಪ್ಪಿಸಿ, ಸಹಿ ಹಾಕಿ, ಸುತ್ತುಹಾಕಿ ಹಿಂದಿನ ರಸ್ತೆಗೆ ಓಡಿದರೆ ಅಲ್ಲಿ ನಾಲ್ಕು ಎಲೆ ಬಿದ್ದಿವೆ, ಕೊಂಬೆ ಇಲ್ಲ!

"ಗೂಡ್ಸ್ ಆಟೋದೋರು ಎತ್ತಾಕ್ಕೊಂಡು ಓದ್ರಣ್ಣ," ಎಂದಳು ಟೀ ಅಂಗಡಿಯಾಕೆ.

ಗಂಟೆ ಹತ್ತೂ ಮುಕ್ಕಾಲು. ಮಗಳ ಮುಖ ನೆನಪಾಯಿತು. ಹಾಳು ಹಟಕ್ಕೆ ಬಿದ್ದು ಅವಳ ಶುಭಕಾರ್ಯಕ್ಕೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಬೈದುಕೊಳ್ಳುತ್ತಾ ಬರೀ ಗರಗಸ ಹಿಡಿದು ಮನೆಗೆ ಓಡಿದರು.

ಮನೆ ಮುಂದೆ ವಾಲಗ! ಬಾಗಿಲ ಬಳಿ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಅತ್ತಿಕೊಂಬೆ ನಿಂತಿದೆ. ಪಕ್ಕದಲ್ಲಿ ಪೇಟ ಸುತ್ತಿಕೊಂಡು ದೇವರಾಜ್ ನಿಂತಿದ್ದಾನೆ.

"ಇದೆಲ್ಲಿ ಸಿಕ್ತಯ್ಯ?" ಎಂದರು ವೆಂಕಟೇಶಪ್ಪನವರು, ಏದುಸಿರು ಬಿಡುತ್ತಾ.

"ಪವಾಡ ಭಾವ, ಪವಾಡ! ಪಾತ್ರೆಗಳನ್ನ ತುಂಬ್ಕೊಂಡು ಗೂಡ್ಸ್ ಆಟೋದಲ್ಲಿ ಬರ್ತಿದ್ದೆ. ಇವತ್ತೂ ಲೇಟಾಯ್ತಲ್ಲಪ್ಪಾ, ಕೊಂಬೆ ಎಲ್ಲಿ ಹುಡುಕ್ಲಿ ಅಂತ ಮನೆದೇವರನ್ನ ನೆನೆಸ್ಕೊಂಡೆ. ದೊಪ್ ಅಂತ ಆಕಾಶದಿಂದ ಬಿತ್ತು!"

"ನೋಡಿದ್ರಾ ನನ್ನ ತಮ್ಮನ ಭಕ್ತೀನ?" ಶ್ಯಾಮಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನೀವು ಎಂಟು ಗಂಟೆಯಿಂದ ಗರಗಸ ಹಿಡ್ಕೊಂಡು ಊರು ಸುತ್ತಿ ಏನು ತಂದ್ರಿ?"

ವೆಂಕಟೇಶಪ್ಪನವರು ಸತ್ಯ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ನಗುನಗುತ್ತಾ ಮಾವನ ಕಾಲಿಗೆ ಬಿದ್ದಳು. ಅವಳ ಆ ನಗು ನೋಡಿ ಇವರ ಬಾಯಿ ಮುಚ್ಚಿತು.

"ಅಂಗೇ ಕಣಪ್ಪ," ಎಂದರು ಚಿಕ್ಕಮುನಿಯಮ್ಮ, ಕೊಂಬೆಗೆ ಹಾಲೆರೆಯುತ್ತಾ. "ಒಳ್ಳೆ ಮನಸಿರೋವ್ರಿಗೆ ದೇವ್ರೇ ಎತ್ತಿ ಕೊಡ್ತಾನೆ!"

ವೆಂಕಟೇಶಪ್ಪನವರು ಎಲ್ಲರ ಜೊತೆ ಕೈಮುಗಿದರು. ಆ ದೇವರಿಗೆ ಭುಜ ವಿಪರೀತ ನೋಯುತ್ತಿತ್ತು.