ಕೋತಿಗೆ ಎರಡು, ನನಗೆ ಮೂರು, ನವಿಲಿಗೆ ನಾಲ್ಕು

ನಮ್ಮ ಅಕ್ಕನ ಗಂಡ, ಅಂದರೆ ನನ್ನ ಭಾವನವರು, ತಮ್ಮ ಟೊಮೆಟೊ ಗಿಡಗಳಿಗೆ ಹಾನಿ ಮಾಡುವ ಪ್ರಾಣಿಗಳ ಪಟ್ಟಿಯಲ್ಲಿ ನನ್ನನ್ನೂ ಸೇರಿಸಿದರು. ಇದು ನನಗಾದ ಅನ್ಯಾಯ. ಅಳಿಲು ಕಂಡರೆ ಗಂಟೆ ಬಾರಿಸುವುದು ಒಂದು ಸಲ, ಕೋತಿಗೆ ಎರಡು, ನನಗೆ ಮೂರು, ನವಿಲಿಗೆ ನಾಲ್ಕು, ಕಾಡುಹಂದಿಗೆ ಐದು. ಪಟ್ಟಿಗೆ ಸೇರಿಸಿದ್ದು ಹೋಗಲಿ, ಸ್ಥಾನವನ್ನಾದರೂ ನೋಡಬಾರದೆ? ನವಿಲು ರಾಷ್ಟ್ರಪಕ್ಷಿ, ಅದು ನನಗಿಂತ ಮೇಲಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಹಂದಿ!

ಬಂಗಾರಪೇಟೆಯ ಕಚೇರಿಯೊಂದರಲ್ಲಿ ಮೂವತ್ತೆರಡು ವರ್ಷ ದಾಖಲೆ ಕೋಣೆಯನ್ನು ಕಾದವನು ನಾನು. ನನ್ನ ಕೈಯಲ್ಲಿ ಒಂದು ಕಡತವೂ ಕಳೆದಿಲ್ಲ, ನನ್ನ ತಲೆಯಿಂದ ಒಂದು ಅವಮಾನವೂ ಕಳೆದಿಲ್ಲ. ಆದ್ದರಿಂದ ಕೆಳಗೆ ಹೇಳುವುದೆಲ್ಲ ನಡೆದದ್ದು ನಡೆದ ಹಾಗೆಯೇ.

ಭಾವನವರು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ವೈಂಡಿಂಗ್ ಇಂಜಿನ್ ನಡೆಸುತ್ತಿದ್ದರು. ಗಣಿಯ ಬಾವಿಯೊಳಗೆ ಕೇಜನ್ನು, ಅಂದರೆ ಆಳುಗಳನ್ನೂ ಅದಿರನ್ನೂ ಹೊರುವ ಕಬ್ಬಿಣದ ಪಂಜರವನ್ನು, ಹಗ್ಗದಲ್ಲಿ ಇಳಿಸಿ ಏರಿಸುವ ಕೆಲಸ. ಕೆಳಗೆ ಏನಿದೆ, ಯಾರಿದ್ದಾರೆ, ಇವರಿಗೆ ಕಾಣದು. ಕೆಳಗಿನವರು ಗಂಟೆ ಬಾರಿಸುತ್ತಾರೆ, ಇವರು ಎಣಿಸಿ ಹಿಡಿ ಎಳೆಯುತ್ತಾರೆ. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು. ಗಂಟೆಯ ಚಾಳಿ ಮಾತ್ರ ಮುಚ್ಚಲಿಲ್ಲ. ಇಂದಿಗೂ ಕಾಫಿ ಬೇಕಾದರೆ ಬಾಯಿ ಬಿಡುವುದಿಲ್ಲ, ಲೋಟವನ್ನು ಎರಡು ಸಲ ತಟ್ಟುತ್ತಾರೆ. ಬೈಯುವುದಕ್ಕೆ ಮತ್ತು ಗೇಲಿಗೆ ಮಾತ್ರ ಮಾತು ಖರ್ಚು ಮಾಡುತ್ತಾರೆ. ನಲವತ್ತು ವರ್ಷದ ದಾಂಪತ್ಯದಲ್ಲಿ ನಮ್ಮ ಅಕ್ಕ ಕೇಳಿದ ಪ್ರೀತಿಯ ಮಾತುಗಳೆಲ್ಲ ‘ಟಣ್’ ಎಂದೇ ಇದ್ದಿರಬೇಕು!

ಇಂಥವರಿಗೆ ಟೊಮೆಟೊ ಹುಚ್ಚು ಹಿಡಿಯಿತು. ಕೋಲಾರ ಸೀಮೆಯಲ್ಲಿ ಕುಳಿತು ಹತ್ತೊಂಬತ್ತು ಟೊಮೆಟೊ ಗಿಡಗಳಿಗೆ ಕಾವಲು ಕಾಯುವುದೆಂದರೇನು? ಲಾರಿಗಟ್ಟಲೆ ಟೊಮೆಟೊ ನಿತ್ಯ ಮೂಗಿನ ಮುಂದೆ ಹಾದುಹೋಗುವ ಊರುಗಳಲ್ಲವೆ ಇವು? ಕೇಳಿದೆ.

“ಅದು ಅಣ್ಣಲ್ಲ ಕಣಯ್ಯಾ, ಚೆಂಡು! ಲಾರಿಯಿಂದ ಬಿದ್ರೂ ಒಡೆಯಲ್ಲ. ನಾಟಿ ಅಣ್ಣು ಅಂದ್ರೆ ಜೋರಾಗಿ ನೋಡಿದ್ರೇ ಒಡೀಬೇಕು!”

ಅವರ ಅಂಗಳದ ಮಣ್ಣಾದರೋ ಗಣಿಯ ದಿಬ್ಬದಿಂದ ಹಾರಿ ಬಂದ ಬೂದು ಹಿಟ್ಟು. ಅಲ್ಲಿ ಹುಲ್ಲು ಕೂಡ ಎರಡು ಸಲ ಯೋಚಿಸಿ ಹುಟ್ಟುತ್ತದೆ. ಅದಕ್ಕೆ ತಮ್ಮ ಹುಟ್ಟೂರಾದ ಬೂದಿಕೋಟೆಯಿಂದ ಕೆಮ್ಮಣ್ಣನ್ನು ಮೂಟೆ ಮೂಟೆಯಾಗಿ ಬಸ್ಸಿನಲ್ಲಿ ತಂದರು. “ಏನ್ ತಾತಾ, ಊರ್ನೇ ಒತ್ಕೊಂಡು ಒಂಟೀರಾ?” ಎಂದ ಕಂಡಕ್ಟರ್. ಊರನ್ನು ಹೊತ್ತವರು ಯಾರು? ಮೂರು ಮೂಟೆ ಹೊತ್ತದ್ದು ನನ್ನ ಈ ಹೆಗಲು. ನಾನು ಹೊತ್ತ ಮಣ್ಣಿನಲ್ಲಿ ಬೆಳೆದ ಗಿಡಗಳಿಂದ ನನ್ನನ್ನೇ ದೂರವಿಡಲು ಗಂಟೆ! ಈ ಅಂಶವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಕಾವಲಿನ ಮೊದಲ ಪ್ರಯೋಗ ರಬ್ಬರ್ ಹಾವು. ಗಿಡದ ಬುಡದಲ್ಲಿ ಮಲಗಿಸಿದರು. ಕೋತಿಗಳು ಎರಡು ದಿನ ಗೋಡೆಯ ಮೇಲೆ ಕುಳಿತು ಅದನ್ನು ಪರಿಶೀಲಿಸಿದವು. ಮೂರನೆಯ ದಿನ ಮರಿಕೋತಿಯೊಂದು ಅದನ್ನು ಕೊರಳಿಗೆ ಸುತ್ತಿಕೊಂಡು ಸಾಕ್ಷಾತ್ ಪರಶಿವನಂತೆ ನುಗ್ಗೆಮರ ಏರಿತು. ಅದಕ್ಕೆ ಹೆದರಿದ ಜೀವ ಆ ಬೀದಿಯಲ್ಲಿ ಒಂದೇ. ನಾನು ಆಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಿಂತಿದ್ದೆ. ಹೇಗೆ ಹತ್ತಿದೆನೋ ಇಂದಿಗೂ ತಿಳಿಯದು.

“ಆವು ಕೆಲ್ಸ ಮಾಡ್ತು ಕಣೇ! ಕೋತಿ ಮೇಲಲ್ಲ, ನಿನ್ ತಮ್ಮನ ಮೇಲೆ!” ಎಂದು ಭಾವನವರು ಅಡುಗೆಮನೆಯ ಕಡೆಗೆ ಕೂಗಿದರು. ಅಕ್ಕ ನಕ್ಕಳು. ಒಡಹುಟ್ಟಿದವಳು!

ಎರಡನೆಯದು ಬಲೆ. ಅಂಗಳಕ್ಕೆಲ್ಲ ಸೊಳ್ಳೆಪರದೆಯ ಹಾಗೆ ಮೀನಿನ ಬಲೆ ಕಟ್ಟಿ, ಅದರ ಹಗ್ಗವನ್ನು ಹಳೆಯ ಸೈಕಲ್ ರಿಮ್ಮೊಂದಕ್ಕೆ ಸುತ್ತಿ, ರಿಮ್ಮಿಗೆ ಹಿಡಿ ಜೋಡಿಸಿ, ಜಗಲಿಯ ಮೇಲೆ ಮತ್ತೆ ವೈಂಡಿಂಗ್ ಇಂಜಿನ್ ಶುರು ಮಾಡಿದರು. ಹಿಡಿ ತಿರುಗಿಸಿದರೆ ಮುಂಭಾಗದ ಬಲೆ ನಾಟಕದ ಪರದೆಯಂತೆ ಮೇಲೇಳುತ್ತದೆ, ಬಿಟ್ಟರೆ ಇಳಿಯುತ್ತದೆ. ನುಗ್ಗೆಮರಕ್ಕೆ ರೈಲು ಕಂಬಿಯ ತುಂಡೊಂದನ್ನು ನೇತುಹಾಕಿ ಅದನ್ನು ಬಡಿಯಲು ಹಗ್ಗ ಕಟ್ಟಿದರು. ಮಧ್ಯಾಹ್ನ ಮಲಗುವಾಗ ಆ ಹಗ್ಗ ಅವರ ಕಾಲಿನ ಹೆಬ್ಬೆರಳಿನಲ್ಲಿ. ಎಣಿಕೆ ಕೇಳಿ ಅಕ್ಕ ಒಳಗಿನಿಂದ ತಕ್ಕ ಆಯುಧ ತರಬೇಕು: ಕೋತಿಗೆ ದೊಣ್ಣೆ, ನವಿಲಿಗೆ ತಟ್ಟೆ, ಹಂದಿಗೆ ಪಟಾಕಿ. ಅಳಿಲಿಗೆ ಚಪ್ಪಾಳೆಯೇ ಸಾಕು.

ಕೋತಿ ಹಣ್ಣನ್ನು ತಿಂದರೆ ಭಾವನವರಿಗೆ ಅಷ್ಟು ದುಃಖವಿಲ್ಲ. ಅದು ಒಮ್ಮೆ ಕಚ್ಚಿ, ಹುಳಿಗೆ ಮುಖ ಕಿವುಚಿ, ಎಸೆದು, ಮುಂದಿನದನ್ನು ಕೀಳುತ್ತದೆ. “ತಿಂದ್ರೆ ಪೂರ್ತಿ ತಿನ್ಲಾ, ನನ್ ಮಗನೇ! ರುಚಿ ನೋಡಕ್ಕೆ ಇದೇನು ನಿಮ್ ಮಾವನ ಮನೆಯಾ?” ಎಂದು ಕೂಗುತ್ತಾರೆ. ನಾನು ಒಮ್ಮೆ ಒಂದು ಹಣ್ಣನ್ನು ಪರೀಕ್ಷಿಸಲೆಂದು ಮುಟ್ಟಿದೆ. ಅದು ತಾನಾಗಿ ಕಳಚಿ ಕೈಗೆ ಬಂತು. ಕೈಗೆ ಬಂದದ್ದನ್ನು ನೆಲಕ್ಕೆ ಹಾಕುವುದು ಸಂಸ್ಕಾರವೆ? ತಿಂದೆ, ಪೂರ್ತಿಯಾಗಿ. ಅದಕ್ಕೆ ಅವರು ಹೇಳಿದ್ದೇನು?

“ಕೋತಿ ಕಿತ್ರೆ ಬುದ್ದಿ ಇಲ್ಲ ಅಂತೀವಿ. ನೀನು ಪೆನ್ಸನ್ ತಗೊಳ್ಳೋನು ಕಣಯ್ಯಾ!”

ಆಮೇಲೆ ನನ್ನ ಪತನ. ಕಳೆದ ಯುಗಾದಿಯ ಮರುದಿನ ಹೋದಾಗ, ಪೂರ್ತಿ ಏಳದ ಬಲೆಯ ಅಡಿಹಗ್ಗ ನನ್ನ ಕಾಲಿಗೆ ತೊಡರಿತು. ನನಗೆ ಕಣ್ಣು ಕಾಣಲಿಲ್ಲವೆಂದು ಅಕ್ಕ ಹೇಳಿಕೊಂಡು ತಿರುಗುತ್ತಾಳೆ. ಸುಳ್ಳು. ಹಗ್ಗ ತೆಳ್ಳಗಿತ್ತು. ಎಡಗಣ್ಣಿಗೆ ಪೊರೆ ಬಂದಿರುವುದು ಬೇರೆ ವಿಷಯ. ನಾಲ್ಕು ಗಿಡಗಳ ಮೇಲೆ ಬಿದ್ದೆ. ಮಂಡಿಗೆ ಐದು ಹೊಲಿಗೆ ಬಿತ್ತು. ಮುಖಕ್ಕೆಲ್ಲ ಮೆತ್ತಿದ ಹಣ್ಣಿನ ರಸ ಕಂಡು ಪಕ್ಕದ ಮನೆಯಾಕೆ ಕೊಲೆಯಾಯಿತೆಂದು ಕಿರುಚಿದಳು. ಓಡಿ ಬಂದು ಎತ್ತಿದವಳು ಅಕ್ಕ. ಭಾವನವರು? ಜಗಲಿಯ ಮೇಲೆ ರಿಮ್ಮಿನ ಹಿಡಿ ಹಿಡಿದು ಕಲ್ಲಿನಂತೆ ನಿಂತೇ ಇದ್ದರು. ‘ಗಿಡಗಳಿಗಾಗಿ ಶೋಕ’ ಎಂದು ನಾನು ಅಂದೇ ಬರೆದಿಟ್ಟುಕೊಂಡೆ.

ಮುಂದಿನ ಸಲ ನಾನು ಗೇಟು ಮುಟ್ಟಿದ್ದೇ ತಡ, ಟಣ್ ಟಣ್ ಟಣ್! ಅಕ್ಕ ಬರಿಗೈಯಲ್ಲಿ ಓಡಿಬಂದಳು. “ಇಡ್ಕೊಳೇ! ಗಟ್ಟಿಯಾಗಿ ಇಡ್ಕೊಳೇ!” ಎಂದು ಜಗಲಿಯಿಂದ ಅಬ್ಬರ. ಅವಳು ನನ್ನ ರಟ್ಟೆ ಹಿಡಿದು, ಪೊಲೀಸರು ಕಳ್ಳನನ್ನು ಒಯ್ಯುವ ಹಾಗೆ, ಹಿಂತಿರುಗಿ ನೋಡಲೂ ಬಿಡದೆ ಒಳಗೆ ಸೇರಿಸಿದಳು. ಅಂದಿನಿಂದ ಪ್ರತಿ ಭೇಟಿಗೂ ಇದೇ ಮೆರವಣಿಗೆ. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ತಮಿಳಿನಲ್ಲಿ, “ಮೂಣಾ ಅಕ್ಕಾ? ತಂಬಿ ವಂದಾಚ್ಚಾ?” ಎಂದು, ಅಂದರೆ ಮೂರು ಗಂಟೆಯಾ, ತಮ್ಮ ಬಂದನಾ ಎಂದು, ವಿಚಾರಿಸುವಳು. ಅರವತ್ತೇಳು ವರ್ಷದ ತಂಬಿ! ಬೀದಿಯ ಮಕ್ಕಳು ನನಗಿಟ್ಟ ಹೆಸರು ‘ಮೂರು ಗಂಟೆ ತಾತ’.

ಇಷ್ಟಾದರೂ ಸಹಿಸುತ್ತಿದ್ದೆ. ಆದರೆ ಸಾರು! ಅಂಗಳದಲ್ಲಿ ಹಣ್ಣು ಕೆಂಪಗೆ ತೂಗುತ್ತಿರುವಾಗ ನನ್ನ ಎಲೆಗೆ ಬಡಿಸಿದ್ದು ಸಂತೆಯ ಟೊಮೆಟೊ ಸಾರು. ಆ ದಪ್ಪ ಸಿಪ್ಪೆಯನ್ನು ನಾಲಿಗೆ ಗುರುತಿಸದೆ? ಪ್ರತಿ ಸಲವೂ ಸಂತೆಯದೇ! ಕೇಳದೆ ನುಗ್ಗಬಹುದಾದ ಮನೆ ಈ ವಯಸ್ಸಿನಲ್ಲಿ ನನಗೆ ಉಳಿದಿರುವುದು ಅದೊಂದೇ. ಅಲ್ಲೂ ನಾನು ಕೋತಿಗೆ ಸಮವಾದರೆ ಹೋಗುವುದೆಲ್ಲಿಗೆ? ಎರಡು ತಿಂಗಳು ಹೋಗಲಿಲ್ಲ. ಮನೆಯಲ್ಲಿ ಕುಳಿತು ಮೂರು ಪುಟದ ಆಕ್ಷೇಪಣಾ ಪತ್ರ ಬರೆದೆ. ಹನ್ನೊಂದು ಅಂಶಗಳು, ಸಾರು ಏಳನೆಯದು. ಇದಕ್ಕೆ ಲಿಖಿತ ಉತ್ತರ ಬಾರದಿದ್ದರೆ ಆ ಹೊಸಿಲು ತುಳಿಯುವುದಿಲ್ಲವೆಂದು ಕೊನೆಯಲ್ಲಿ ಸೇರಿಸಿ, ಹೋದ ಭಾನುವಾರ ಬೆಳಿಗ್ಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿದೆ.

ಗೇಟಿನ ಬಳಿ ನಿಂತಾಗ ಕೋತಿಯ ಗಂಟೆ, ಟಣ್ ಟಣ್, ಬಾರಿಸುತ್ತಿತ್ತು. ಗೋಡೆಯ ಮೇಲೆ ಕೋತಿಗಳ ಸಂಸಾರವೇ ಕುಳಿತಿತ್ತು. ಬಲೆಯೊಳಗೆ ಗಿಡಗಳು ಹಣ್ಣಿನ ಭಾರಕ್ಕೆ ಬಾಗಿದ್ದವು. ಅಷ್ಟರಲ್ಲಿ ಭಾವನವರು ನನ್ನನ್ನು ಕಂಡರು. ಟಣ್ ಟಣ್ ಟಣ್. ಬಲೆ ನಿಧಾನವಾಗಿ ಮೇಲೇಳತೊಡಗಿತು.

“ಭಾವಾ, ಬಲೆ ಇಳಿಸಿ! ಕೋತಿ!” ಎಂದು ಕೂಗಿದೆ.

“ನೀನು ಮೊದ್ಲು ದಾಟಯ್ಯಾ! ಕಾಲು ನೋಡ್ಕೋ! ಲೇ, ಇಡ್ಕೊಳೇ ಅವನ್ನ!”

ಕೋತಿಗಳು ಟಿಕೆಟ್ಟು ಕೊಂಡವರಂತೆ ನನ್ನ ಎಡಬಲದಲ್ಲೇ ಒಳಗೆ ನಡೆದವು. ನಾನು ಮೊದಲ ಸಲ ಅಕ್ಕನ ಹಿಡಿತದಲ್ಲೇ ಕತ್ತು ತಿರುಗಿಸಿ ನೋಡಿದೆ. ಹಣ್ಣುಗಳು ಕಚ್ಚಿಸಿಕೊಂಡು ಒಂದೊಂದಾಗಿ ಉದುರುತ್ತಿದ್ದವು. ಭಾವನವರು ಅತ್ತ ಕಣ್ಣೆತ್ತಲಿಲ್ಲ. ಎರಡೂ ಕೈ ಹಿಡಿಯ ಮೇಲೆ, ಕಣ್ಣು ನನ್ನ ಪಾದದ ಮೇಲೆ. ನಾನು ಜಗಲಿ ಹತ್ತಿದ ಮೇಲೆಯೇ ಬಲೆ ಇಳಿದದ್ದು. ಆಗ ಒಳಗೆ ಉಳಿದದ್ದು ಕಾಯಿ ಮಾತ್ರ.

“ಇದೇನಕ್ಕಾ ಇದು?”

“ನೀನು ಬಂದಾಗೆಲ್ಲ ಇಂಗೇ ಕಣೋ. ನಿನ್ ರೈಲಿನ ಟೈಮು ಅವಕ್ಕೆ ಬಾಯಿಪಾಟ ಆಗೈತೆ. ಒಂದು ಅಣ್ಣು ಉಳ್ಸಲ್ಲ. ಅದುಕ್ಕೇ ಸಂತೆ ಟೊಮೆಟೊ ಆಕಿ ಸಾರು ಮಾಡೋದು. ನಿಂಗೆ ಏಳಬ್ಯಾಡ ಅಂದಿದ್ರು.”

ನಾನು ಭಾವನವರತ್ತ ತಿರುಗಿದೆ. ಅವರು ರಿಮ್ಮನ್ನು ನೋಡುತ್ತ, ಬಲವಂತಕ್ಕೆಂಬಂತೆ ಬಾಯಿ ಬಿಟ್ಟರು.

“ಕಲ್ಲು ಮಣ್ಣು ತುಂಬಿದ್ರೆ ಕೇಜನ್ನ ಎಂಗಾದ್ರೂ ಎಳೀಬೋದು. ಮೂರು ಗಂಟೆ ಬಿದ್ರೆ ಒಳಗೆ ಮನ್ಸ ಅವ್ನೆ ಅಂತ. ಆಗ ಆ ಕಡೆ ಈ ಕಡೆ ನೋಡಂಗಿಲ್ಲ.” ರಿಮ್ಮಿನ ಹಗ್ಗವನ್ನು ಇನ್ನೊಂದು ಸುತ್ತು ಬಿಗಿದರು. “ಅಷ್ಟು ವರ್ಸ ಒಬ್ಬನ್ನೂ ಬೀಳ್ಸಿಲ್ಲ ಬಾಮೈದಾ. ನಮ್ಮನೆ ಬಾಗ್ಲಾಗೆ ನಿನ್ನ ಬೀಳ್ಸಿಬಿಟ್ಟೆ.”

ಬಲೆ ಇಳಿದಾಗಿದ್ದರೂ ಅವರು ಹಿಡಿ ಬಿಟ್ಟಿರಲಿಲ್ಲ. ನನಗೆ ಕಣ್ಣು ಕಾಣುವುದಿಲ್ಲವೆಂದು ಅಕ್ಕ ಹೇಳುತ್ತಾಳಲ್ಲ, ಆ ಕ್ಷಣದ ಮಟ್ಟಿಗೆ ಅದು ನಿಜ.

ಕೋತಿಗಳು ಒಂದೊಂದು ಕಡೆ ಕಚ್ಚಿ ಬಿಟ್ಟ ಹಣ್ಣುಗಳನ್ನು ಅಕ್ಕ ಆಯ್ದು, ತೊಳೆದು, ಗಾಯಗಳನ್ನು ಕೊಯ್ದು ತೆಗೆದು ಗೊಜ್ಜು ಮಾಡಿದಳು. ಭಾವನವರು ತಟ್ಟೆಯ ಅಂಚನ್ನು ಎರಡು ಸಲ ತಟ್ಟಿದರು. ನಾನೂ ತಟ್ಟಿದೆ.

ಆಕ್ಷೇಪಣಾ ಪತ್ರ ಇನ್ನೂ ನನ್ನ ಜೇಬಿನಲ್ಲೇ ಇದೆ. ಮೂವತ್ತೆರಡು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಕಪಾಟಿಗೆ ಸೇರಿಸಿದವನಲ್ಲ ನಾನು. ಆದ್ದರಿಂದ ಸಂಬಂಧಪಟ್ಟ ಇಬ್ಬರನ್ನೂ ನೇರವಾಗಿ ಕೇಳುತ್ತೇನೆ: ಅಕ್ಕ, ಭಾವ, ನೀವು ಬಾಯಿ ಬಿಟ್ಟು ಒಂದು ಮಾತು ಹೇಳದ್ದರಿಂದ ನಾನು ಇಷ್ಟು ತಿಂಗಳು ಅಕ್ಷರ ತಪ್ಪದೆ ಬೆಳೆಸಿದ ಈ ಕೋಪವನ್ನು ಈಗ ಯಾವ ಕಪಾಟಿನಲ್ಲಿಡಲಿ?