ವಹಿಯಲ್ಲಿ ಖಾಲಿ ಉಳಿದ ಒಂದನೇ ನಂಬರು

ಹಾಡಿನ ಹುಚ್ಚು ಇರುವವನನ್ನು ಫಜೀತಿ ತಾನಾಗಿಯೇ ಹುಡುಕಿಕೊಂಡು ಬರುತ್ತದೆ. ನನಗಂತೂ ಅದು ಊರೂರಿಗೆ ಬೆನ್ನು ಹತ್ತಿ ಬಂತು. ಎಪ್ಪತ್ತರ ದಶಕದ ನಡುವಿನ ಮಾತು. ನಾನು ದನದ ದವಾಖಾನೆಯಲ್ಲಿ ಕಂಪೌಂಡರ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ನಾಲ್ಕು ತಾಲೂಕು ಸುತ್ತಿ ದನಕರುಗಳಿಗೆ ಚುಚ್ಚುಮದ್ದು ಹಾಕುವ ಕೆಲಸ. ಸೈಕಲ್ಲಿನ ಹಿಂದೆ ಔಷಧದ ಪೆಟ್ಟಿಗೆ, ಮುಂದೆ ಟ್ರಾನ್ಸಿಸ್ಟರು, ಚೀಲದಲ್ಲಿ ಒಂದು ವಹಿ. ಯುಗಾದಿಯಿಂದ ಯುಗಾದಿಯವರೆಗೆ ಕೇಳಿದ ಹಾಡುಗಳಲ್ಲಿ ಮನಸ್ಸಿಗೆ ಹಿಡಿಸಿದ ಹತ್ತನ್ನು ಆ ವಹಿಯಲ್ಲಿ ನಂಬರು ಹಾಕಿ ಬರೆಯುತ್ತಿದ್ದೆ. ಸಿನಿಮಾ, ನಾಟಕ, ಭಜನೆ, ಡೊಳ್ಳಿನ ಪದ ಎಂಬ ಭೇದ ನನಗಿರಲಿಲ್ಲ.

ಆ ವರ್ಷ ಮಾತ್ರ ಒಂದನೇ ನಂಬರನ್ನು ಖಾಲಿ ಬಿಟ್ಟಿದ್ದೆ. ನನ್ನನ್ನು ಮದುವೆಯಾಗುವವಳು ಹಾಡಿದ ಹಾಡು ಅಲ್ಲಿ ಬರಬೇಕೆಂಬ ಹಟ. ನಮ್ಮವ್ವನದು ಬೇರೆ ಹಟ. "ಯುಗಾದಿಯೊಳಗ ಕನ್ಯಾ ಗೊತ್ತಾಗಲಿಲ್ಲಂದ್ರ ಆ ವಹಿ ಒಲಿಗೆ ಹಾಕ್ತೇನಿ. ಆಮ್ಯಾಲ ನಾ ತೋರಿಸಿದಾಕಿಗೆ ತಾಳಿ ಕಟ್ಟು" ಎಂದಿದ್ದಳು. ಅವ್ವ ಹೇಳಿದ್ದನ್ನು ಮಾಡುವವಳು. ಹಿಂದೊಮ್ಮೆ ನನ್ನ ಕೊಳಲು ಅದೇ ಒಲೆಯಲ್ಲಿ ಉರಿದು ಎರಡು ರೊಟ್ಟಿ ಬೇಯಿಸಿತ್ತು.

ಝಳಕಿಯ ಕೇಳುಗರು

ರೇಡಿಯೋದಲ್ಲಿ ಒಂದು ಹೊಸ ಸಿನಿಮಾ ಹಾಡು ಬಂದಿತ್ತು. ಅದನ್ನು ಎರಡನೇ ನಂಬರಿಗೆ ಏರಿಸುವ ಮುಂಚೆ ಇನ್ನೊಮ್ಮೆ ಕೇಳಬೇಕಿತ್ತು. ಆಗೆಲ್ಲ ಬೇಕಾದ ಹಾಡಿಗಾಗಿ ರೇಡಿಯೋ ನಿಲಯಕ್ಕೆ ಕಾರ್ಡು ಬರೆಯಬೇಕು. ಕೇಳಿದವರ ಹೆಸರು ಓದಿ ಹಾಡು ಹಾಕುತ್ತಿದ್ದರು. ಹೆಸರು ಹೆಚ್ಚಿದ್ದಷ್ಟೂ ಹಾಡು ಬರುವ ಆಸೆ ಹೆಚ್ಚು. ಝಳಕಿಯ ಚಹಾದಂಗಡಿಯಲ್ಲಿ ಕುಳಿತು ಕಾರ್ಡು ಬರೆದೆ. ನನ್ನ ಹೆಸರು, ಅಂಗಡಿಯವನ ಹೆಸರು ಬರೆದ ಮೇಲೆ ಯಾರೂ ನೆನಪಾಗಲಿಲ್ಲ. ಆ ದಿನ ಸೂಜಿ ಚುಚ್ಚಿಸಿಕೊಂಡವರ ಯಾದಿ ಕೈಯಲ್ಲೇ ಇತ್ತು. ಅದನ್ನು ನೋಡಿ ಗೌರಿ, ಗಂಗಾ, ಲಕ್ಷ್ಮಿ, ಚಂದ್ರಿ ಎಂದು ಸಾಲಾಗಿ ಇಳಿಸಿಬಿಟ್ಟೆ.

ಮುಂದಿನ ವಾರವೇ ರೇಡಿಯೋದ ಹೆಣ್ಣುಮಗಳು ಸಕ್ಕರೆಯಂಥ ದನಿಯಲ್ಲಿ ಝಳಕಿಯ ನಾಲ್ಕೂ ಎಮ್ಮೆಗಳ ಹೆಸರು ಓದಿದಳು. ಹಾಡು ಬಂತು, ನಾನು ಕಣ್ಣು ಮುಚ್ಚಿ ಕೇಳಿದೆ. ಕಣ್ಣು ತೆರೆದಾಗ ಎಮ್ಮೆಗಳ ಮಾಲಕ ಎದುರಿಗೆ ನಿಂತಿದ್ದ. ಬೈಗುಳಕ್ಕೆ ತಯಾರಾದೆ. ಅವನು ಬಹಳ ನೊಂದಿದ್ದ.

"ನಾಲ್ಕೂ ಎಮ್ಮಿ ಹೆಸರು ಬಂತ್ರಿ. ಅವಕ್ಕ ದಿನಾ ಮೇವು ಹಾಕೋನು ನಾನು. ನನ್ನ ಹೆಸರು ಒಂದು ಬರಿಯಾಕ ಕಾರ್ಡಿನಾಗ ಜಾಗಾ ಇರಲಿಲ್ಲೇನ್ರಿ?"

ದೇವಣಗಾಂವದ ಯಾದಿ

ಸಿಂದಗಿ ತಾಲೂಕಿನ ದೇವಣಗಾಂವದಲ್ಲಿ ಕುರಿ ಸಾಕುವ ಒಬ್ಬ ಹಿರಿಯರಿದ್ದರು. ಡೊಳ್ಳಿನ ಪದ ಹಾಡಲು ಅವರು ನಿಂತರೆ ಕುರಿಗಳೂ ಮೇಯುವುದನ್ನು ಬಿಟ್ಟು ತಲೆ ಎತ್ತುತ್ತಿದ್ದವು. ನಾನು ಮೂರು ಸಲ ಹಾಡಿಸಿ, ವಹಿಯಲ್ಲಿ ಬರೆದುಕೊಂಡು, ಹುರುಪಿನಲ್ಲಿ ಅವರಿಗೇ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಅಂಕಿ ಗೊತ್ತಿತ್ತು.

ತಮ್ಮ ಪದದ ಮುಂದೆ ಮೂರು ಯಾಕೆ ಎಂದು ಕೇಳಿದರು. ಎರಡರಲ್ಲಿ ಸಿನಿಮಾ ಹಾಡು ಇದೆ ಎಂದೆ. ಒಂದರಲ್ಲಿ ಏನಿದೆ ಎಂದರು. ಅದು ಇನ್ನೂ ಸಿಗದ ಹೆಂಡತಿಗೆ ಎಂದೆ. ಅವರು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು, ಕುರಿ ಎಬ್ಬಿಸಿಕೊಂಡು ಹೊರಟರು. ಇನ್ನೂ ಅರ್ಧ ಹಿಂಡಿಗೆ ಚುಚ್ಚುಮದ್ದು ಹಾಕುವುದಿತ್ತು. ಹಿಂದೆ ಓಡಿ, ಯಜಮಾನರೇ, ಔಷಧ ಬಾಕಿ ಇದೆ ಎಂದು ಕೂಗಿದೆ. ಅವರು ನಿಂತು ಸಮಾಧಾನದಿಂದ ಹೇಳಿದರು:

"ನಮ್ಮಲ್ಲೂ ಒಂದು ಯಾದಿ ಐತ್ರಿ. ಕುರಿಗಿ ಜಡ್ಡು ಬಂದ್ರ ಒಂದನೇ ನಂಬರು ದೇವರ ಭಂಡಾರದ ಅರಿಷಿಣ. ಎರಡನೇದು ಕಾಸಿದ ಕಬ್ಬಿಣದ ಬರಿ. ಮೂರನೇದು ನೀವು. ಮೊದಲಿನ ಎರಡು ಮುಗೀಲಿ, ಹೇಳಿ ಕಳಸ್ತೇನಿ."

ಮುದ್ದೇಬಿಹಾಳದ ಉಪ್ಪಿಟ್ಟು

ದೀಪಾವಳಿ ಕಳೆದ ಮೇಲೆ ಕನ್ಯೆ ನೋಡುವ ಓಡಾಟ ಸುರುವಾಯಿತು. ಮುದ್ದೇಬಿಹಾಳದ ಕಡೆ ಒಬ್ಬ ಹುಡುಗಿ ಬಹಳ ಚೆನ್ನಾಗಿ ಹಾಡುತ್ತಾಳೆಂದು ಸುದ್ದಿ. ಅವ್ವ, ನನ್ನ ಸೋದರಮಾವ, ನಾನು ಹೋದೆವು. ಸೋದರಮಾವ ಬಂಧುಬಳಗದಲ್ಲಿ ಯಾರೇ ತೀರಿಕೊಂಡರೂ ಮೊದಲು ಹೆಗಲು ಕೊಡುವ ಮನುಷ್ಯ.

ಉಪ್ಪಿಟ್ಟು ಬಂತು. ಹುಡುಗಿ ಬಂದು ಕುಳಿತಳು. ಒಂದು ಹಾಡು ಹೇಳವ್ವಾ ಎಂದು ಅವ್ವ ಅಂದಳು. ಹುಡುಗಿಯ ಅಪ್ಪ ಊರಿನ ಭಜನಾ ಮೇಳದ ಮುಖ್ಯಸ್ಥ. ಸತ್ತವರ ಮನೆಗೆಲ್ಲ ಆ ಮೇಳವೇ ಹೋಗುತ್ತಿತ್ತು. ಅಪ್ಪ ಮನೆಯಲ್ಲಿ ಹಾಡಿಕೊಳ್ಳುವುದನ್ನೇ ಕೇಳಿ ಬೆಳೆದವಳು, ತನಗೆ ಬರುವ ಅತ್ಯಂತ ಚೆಂದದ ಪದವನ್ನು ಎತ್ತಿದಳು. ಅದು ನಮ್ಮ ಕಡೆ ಹೆಣ ಎತ್ತುವ ಹೊತ್ತಿಗೆ ಹಾಡುವ ಪದ.

ಏನು ದನಿ ಅದು. ನನ್ನ ಕಣ್ಣಲ್ಲಿ ನೀರು ಬಂತು. ಅವ್ವನ ಮುಖ ಕಪ್ಪಿಟ್ಟಿತು. ಸೋದರಮಾವ ಮಾತ್ರ ಪದ ಕಿವಿಗೆ ಬಿದ್ದದ್ದೇ ರೂಢಿಯ ಪ್ರಕಾರ ಉಪ್ಪಿಟ್ಟಿನ ತಾಟು ಸರಿಸಿ ಎದ್ದು ನಿಂತ. ಟೊಪ್ಪಿಗೆ ತೆಗೆದು, ಟವೆಲ್ಲನ್ನು ಸೊಂಟಕ್ಕೆ ಸುತ್ತಿ, ಹುಡುಗಿಯ ಅಪ್ಪನ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದ:

"ಮಣ್ಣು ಎಷ್ಟೊತ್ತಿಗಿ ಇಟ್ಟೀರಿ?"

ಗೊಳಸಂಗಿಯ ಬೀಸುವ ಕಲ್ಲು

ಆ ಹಾಡನ್ನು ನಾಲ್ಕನೇ ನಂಬರಿಗೆ ಬರೆದೆ. ಅವ್ವ ಆ ಸಂಬಂಧವನ್ನು ಬಾಗಿಲಲ್ಲೇ ಬಿಟ್ಟು ಬಂದಿದ್ದಳು. ಯುಗಾದಿಗೆ ಎಂಟು ದಿನ ಉಳಿದಾಗ ಬಾಗೇವಾಡಿ ತಾಲೂಕಿನ ಗೊಳಸಂಗಿಗೆ ಹೋದೆವು. ಇದೇ ಕಡೆಯದು ಎಂದು ಅವ್ವ ಬಸ್ಸಿನಲ್ಲೇ ಹೇಳಿದ್ದಳು. ನನ್ನ ಚೀಲ ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು, ವಹಿ ಸಮೇತ.

ಹುಡುಗಿ ಏಳನೇ ಇಯತ್ತೆವರೆಗೆ ಶಾಲೆ ಕಲಿತವಳು. ಬಂದು ಕುಳಿತು ನನ್ನನ್ನು ನೆಟ್ಟಗೆ ನೋಡಿದಳು. ನನಗೆ ಅಲ್ಲೇ ಮನಸ್ಸಾಗಿ ಹೋಯಿತು. ಹಾಡು ಕೇಳಿದರೆ ಮಾತ್ರ, ಬರೂದಿಲ್ಲ ಎಂದುಬಿಟ್ಟಳು. ಅವಳ ಅಜ್ಜಿ ನಡುವೆ ಬಾಯಿ ಹಾಕಿ, ಬೀಸುವಾಗ ಹಾಡುತ್ತಾಳೆ, ಬರೇ ಕುಳಿತರೆ ಪದ ಬಾಯಿಗೆ ಬರುವುದಿಲ್ಲ ಎಂದಳು. ಊರಿಗೆ ಗಿರಣಿ ಬಂದಿದ್ದರೂ ಅಜ್ಜಿಗೆ ಕಲ್ಲಿನ ಹಿಟ್ಟೇ ಬೇಕಂತೆ. ಹಾಗಾದರೆ ಬೀಸಿಯೇ ಹಾಡಲಿ ಎಂದೆ.

"ಒಬ್ಬಾಕಿನ ಬೀಸಾಕ ಆಗೂದಿಲ್ರಿ" ಎಂದಳು ಹುಡುಗಿ. "ಎದುರಿಗೆ ಒಬ್ಬರು ಬೇಕು. ಹಾಡು ಬೇಕಾದವರು ಕೂಡ್ರಿ."

ನಾನು ಹೊಸ ಪ್ಯಾಂಟಿನಲ್ಲೇ ಕಾಲು ಚಾಚಿ ಕಲ್ಲಿನ ಮುಂದೆ ಕುಳಿತು ಗೂಟ ಹಿಡಿದೆ. ಅವಳು ಜೋಳ ಹಾಕಿ ಪದ ಸುರು ಮಾಡಿದಳು. ಅಣ್ಣನ ಮೇಲೆ ಒಂದು ನುಡಿ, ತವರಿನ ಮೇಲೆ ಒಂದು ನುಡಿ. ನನ್ನ ಕೈ ನಿಂತರೆ ಅವಳ ಬಾಯಿ ನಿಲ್ಲುತ್ತಿತ್ತು. ಹಾಡು ಬೇಕೆಂದು ಮತ್ತೆ ತಿರುಗಿಸುತ್ತಿದ್ದೆ. ನಾಲ್ಕನೆಯ ನುಡಿಯಲ್ಲಿ, ದನದ ಡಾಕ್ಟರ ಮೀಸೆಗೆ ಹಿಟ್ಟು ಹತ್ತಿ ಮುಪ್ಪು ಬಂದಿದೆ ಎಂದು ಅಲ್ಲಿಯೇ ಕಟ್ಟಿ ಹಾಡಿದಳು. ಸೋದರಮಾವ ಈ ಸಲ ನಗುತ್ತ ಕೂತೇ ಇದ್ದ. ನಾನು ಸುಖದಲ್ಲಿದ್ದೆ. ಇಂಥ ಹಾಡು ಆ ವರ್ಷ ನಾನು ಎಲ್ಲಿಯೂ ಕೇಳಿರಲಿಲ್ಲ. ಜೋಳ ಮುಗಿಯಿತು, ಹಾಡೂ ಮುಗಿಯಿತು.

ಅವ್ವನಿಂದ ವಹಿ ಕೇಳಿ ತೆಗೆದುಕೊಂಡೆ. ಆದರೆ ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಪೆನ್ಸಿಲ್ಲು ನಿಲ್ಲಲಿಲ್ಲ. ನಾಚಿಕೆ ಬಿಟ್ಟು ಅವಳ ಮುಂದೆಯೇ ವಹಿ ಹಿಡಿದು, ಒಂದನೇ ನಂಬರಿನ ಮುಂದೆ ನೀವೇ ಬರೆಯಿರಿ ಎಂದೆ. ಹುಡುಗಿ ನನ್ನನ್ನು ಒಪ್ಪಿದಳೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅವಳು ಗೋಡೆಗೆ ತಿರುಗಿ ಕುಳಿತು ಬರೆದು, ವಹಿ ಮುಚ್ಚಿ ಕೊಟ್ಟು ಒಳಗೆ ಹೋದಳು.

ಅವ್ವನಿಗೆ ಓದು ಬಾರದು. ಏನು ಬರೆದಿದ್ದಾಳೆ, ಗಟ್ಟಿಯಾಗಿ ಓದು ಎಂದಳು. ಓದಿದೆ.

"ಹಾಡು: ಬೀಸೂ ಪದ. ಹಾಡಿದಾಕಿ: ನಾನು. ಬೀಸಿದವರು: ನಮ್ಮನಿಯವರು."

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಮ್ಮ ಕಡೆ ಹೆಣ್ಣುಮಕ್ಕಳು ಹೆಸರು ಹಿಡಿಯದೆ ಹಾಗೆ ಕರೆಯುವುದು ಗಂಡನೊಬ್ಬನನ್ನೇ. ಅವ್ವ ಎದ್ದು ನಿಂತು, ಸಕ್ಕರಿ ತರ್ರಿ ಎಂದಳು. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ನನಗೆ ಸಂತೋಷದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ವಹಿಯನ್ನೇ ಮತ್ತೆ ನೋಡಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು:

"ಹಿಟ್ಟು ತರಿ ಆಗೇತಿ. ಬೀಸೂದು ಕಲಿಸಬೇಕು."